ಜಾರುವ ಕ್ಲಚ್ಚು: ನಿದಾನ ಮತ್ತು ಚಿಕಿತ್ಸೆ

ಬಾಗೇಪಲ್ಲಿ, ಚಿಕ್ಕಬಳ್ಳಾಪುರಗಳ ಮೇಲೆ ಹಾದು ಬೆಂಗಳೂರನ್ನು ಹೊಗುವ ಹೆದ್ದಾರಿಯನ್ನು ಉತ್ತರಾಭಿಮುಖನಾಗಿ ಬಿಡದೆ ಅನುಸರಿಸಿದವನು, ಹೈದರಾಬಾದನ್ನೂ ನಾಗಪುರವನ್ನೂ ಕಳೆದು, ಜಬಲಪುರದ ಹಳೆಯ ದಾರಿ ಹಿಡಿದು, 1821ರಲ್ಲಿ ಬ್ರಿಟಿಷರು ಸ್ಥಾಪಿಸಿದ ಕಾಮ್ಠಿಯ ದಂಡುಪ್ರದೇಶವನ್ನು ದಾಟಿದನೆಂದರೆ, ಕನ್ಹಾನ್ ನದಿಯ ಆಚೆಯ ದಡದಲ್ಲಿ ಅದೇ ಹೆಸರಿನ ಪಟ್ಟಣವನ್ನು ಸೇರುವನು. ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯ ಕಲ್ಲಿದ್ದಲ ಗಣಿಗಳ ನೆರೆಯಲ್ಲಿರುವ ಊರು ಅದು. ರಾಮಟೇಕಿಗೆ ಹೋಗುವ ರೈಲುಹಾದಿ ಕವಲೊಡೆಯುವುದೂ ಅಲ್ಲಿಯೇ. ಹಗಲುಪಾಳಿ, ರಾತ್ರಿಪಾಳಿಗಳಿಗೆ ಹೊತ್ತಿಗೆ ಸರಿಯಾಗಿ ಹಾಜರಾಗಬೇಕಾದ ಗಣಿಯ ಕಾರ್ಮಿಕನಿಗೆ, ಹಾಲಿನ ಕ್ಯಾನುಗಳನ್ನು ಎರಡು ಪಕ್ಕಕ್ಕೂ ತೂಗುಹಾಕಿಕೊಂಡು ಹಳ್ಳಿಯಿಂದ ಪೇಟೆಗೆ ಬರುವ ರೈತನಿಗೆ, ಮಗಳನ್ನು ಕಾಲೇಜಿಗೆ ಬಿಟ್ಟು ತಾನು ಕಾರ್ಖಾನೆಗೆ ಹೋಗುವ ಗೃಹಸ್ಥನಿಗೆ ಮೋಟಾರು ಸೈಕಲ್ಲು ಜೀವನೋಪಾಯದ ಒಂದು ಅಂಗವೇ ಆಗಿರುವುದರಿಂದ, ಅದು ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಂತಂತೆಯೇ. ಇಂಥವರ ವಾಹನಗಳನ್ನು ಬಾಧಿಸುವ ಕಾಯಿಲೆಗಳಲ್ಲಿ ಅತ್ಯಂತ ಹೆಚ್ಚು ತಪ್ಪಾಗಿ ನಿರ್ಣಯಿಸಲ್ಪಡುವುದೂ, ಆ ತಪ್ಪಿನ ದೆಸೆಯಿಂದ ಬಡವನ ಜೇಬಿಗೆ ಅನಗತ್ಯವಾದ ಹೊರೆಯನ್ನು ತರುವುದೂ ಕ್ಲಚ್ಚು ಜಾರುವ ಕಾಯಿಲೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಲಕ್ಷಣವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ಸವಾರನು ಆಕ್ಸಿಲರೇಟರನ್ನು ತಿರುಗಿಸುತ್ತಾನೆ. ಎಂಜಿನ್ನಿನ ಸ್ವರವು ಮೇಲೇರುತ್ತದೆ. ಆದರೆ ಸ್ವರ ಏರಿದ ಪ್ರಮಾಣಕ್ಕೆ ಗಾಡಿಯ ವೇಗ ಏರುವುದಿಲ್ಲ. ಈ ಎರಡರ ನಡುವಣ ವಿರಸವೇ ಕ್ಲಚ್ಚು ಜಾರುತ್ತಿರುವುದರ ನಿಜವಾದ ಗುರುತು. ‘ಪಿಕಪ್ ಇಲ್ಲ’ ಎಂಬ ಒಂದೇ ದೂರನ್ನು ಕೇಳಿ ಕ್ಲಚ್ ಪ್ಲೇಟಿನ ಮೇಲೆ ಆರೋಪ ಹೊರಿಸುವವರು ಬಹಳ ಮಂದಿ. ಆದರೆ ಸ್ವರವೂ ಏರದೆ ವೇಗವೂ ಏರದೆ ಗಾಡಿ ಮಂಕಾಗಿ ಎಳೆಯುತ್ತಿದ್ದರೆ, ದೋಷವು ಏರ್ ಫಿಲ್ಟರಿನಲ್ಲೋ ಕಾರ್ಬುರೇಟರಿನಲ್ಲೋ ಬಿಗಿಹಿಡಿದ ಬ್ರೇಕಿನಲ್ಲೋ ಇರುವ ಸಂಭವವೇ ಹೆಚ್ಚು. ಕಲ್ಲಿದ್ದಲ ಧೂಳು ಹಾರುವ ರಸ್ತೆಗಳಲ್ಲಿ ಫಿಲ್ಟರು ಬೇಗನೆ ಕಟ್ಟಿಕೊಳ್ಳುವುದು ಸಹಜವಾದುದರಿಂದ, ಕನ್ಹಾನಿನಂಥ ಊರಿನಲ್ಲಿ ಈ ಭೇದವನ್ನು ಅರಿಯುವುದು ವಿಶೇಷವಾಗಿ ಅವಶ್ಯಕ. ಚಕ್ಕೆಯೊಡೆದಂಥ ಸದ್ದಿನೊಡನೆ ತಡೆತಡೆದು ಜಾರುವುದಾದರೆ ಸವೆದ ಚೈನನ್ನೂ ಸ್ಪ್ರಾಕೆಟ್ಟನ್ನೂ ನೋಡಬೇಕು. ಕ್ಲಚ್ಚಾದರೋ ಸದ್ದಿಲ್ಲದೆ, ನುಣುಪಾಗಿ ಜಾರುವುದು.

ಈ ವಿದ್ಯಮಾನದ ಒಳಗುಟ್ಟನ್ನು ತಿಳಿಯಬೇಕಾದರೆ, ಘರ್ಷಣೆಯ ಒಂದು ಹಳೆಯ ನಿಯಮವನ್ನು ನೆನೆಯಬೇಕು. ಫ್ರಾನ್ಸಿನ ಅಮೊಂತೋನ್ 1699ರಲ್ಲಿ ಪ್ರತಿಪಾದಿಸಿದ, ಮುಂದೆ ಕೂಲಾಮ್ ದೃಢಪಡಿಸಿದ ಆ ನಿಯಮದ ಪ್ರಕಾರ, ಎರಡು ಮೈಗಳ ನಡುವಣ ಘರ್ಷಣೆಯು ಅವುಗಳನ್ನು ಒತ್ತುವ ಬಲಕ್ಕೆ ಅನುಗುಣವಾಗಿರುವುದೇ ಹೊರತು ಅವು ತಾಗಿರುವ ವಿಸ್ತೀರ್ಣಕ್ಕೆ ಅಲ್ಲ. ಹಾಗಾದರೆ ಮೋಟಾರು ಸೈಕಲ್ಲಿನ ಕ್ಲಚ್ಚಿನಲ್ಲಿ ನಾಲ್ಕೋ ಐದೋ ಆರೋ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸುವುದೇಕೆ? ಎರಡು ನೋಟುಪುಸ್ತಕಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ, ಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದು ಎಳೆದು ನೋಡಿದವನಿಗೆ ಉತ್ತರ ತಾನಾಗಿ ಹೊಳೆಯುವುದು: ಅಂಗೈಯ ಅದೇ ಒಂದು ಒತ್ತಡವು ಮೇಲಿನ ಹಾಳೆಯಿಂದ ಕೆಳಗಿನ ಹಾಳೆಯವರೆಗೆ ಒಂದಿಷ್ಟೂ ಕುಗ್ಗದೆ ಸಾಗಿ, ಪ್ರತಿಯೊಂದು ಜೋಡಿ ಮೈಯ ನಡುವೆಯೂ ಹೊಸದಾಗಿ ಘರ್ಷಣೆಯನ್ನು ಹುಟ್ಟಿಸುತ್ತದೆ. ಕ್ಲಚ್ಚಿನಲ್ಲಿಯೂ ಸ್ಪ್ರಿಂಗುಗಳ ಒಂದೇ ಒತ್ತಡವು ಎಲ್ಲ ಪ್ಲೇಟುಗಳ ಮೂಲಕ ಹಾಯುವುದರಿಂದ, ನಾಲ್ಕು ಘರ್ಷಣ ಪ್ಲೇಟುಗಳಿದ್ದರೆ ಎಂಟು ಮೈಗಳು ಹಿಡಿತಕ್ಕೆ ಒದಗುತ್ತವೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಹೀಲ್-ಶಾ ಎಂಬ ಎಂಜಿನಿಯರನು ಬಹುಪ್ಲೇಟಿನ ಕ್ಲಚ್ಚನ್ನು ಪ್ರಚುರಪಡಿಸಿದಾಗ ಅದರ ತಿರುಳು ಇದೇ ಆಗಿದ್ದಿತು. ಅಂಗೈಯಗಲದ ಒಂದು ಲೋಹದ ಬಟ್ಟಲಿನೊಳಗೆ, ಎಣ್ಣೆಯಲ್ಲಿ ತೊಯ್ದಿರುವ ತೆಳುವಾದ ಪ್ಲೇಟುಗಳು ಗಾಡಿಯನ್ನೂ ಅದರ ಮೇಲಿನ ಸಂಸಾರವನ್ನೂ ಎಳೆಯುವ ಬಲವನ್ನು ಹೊರುತ್ತವೆಯೆಂಬುದು ಆಶ್ಚರ್ಯಕ್ಕೆ ಎಡೆಗೊಡತಕ್ಕ ಸಂಗತಿಯೇ ಸರಿ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ನೂರು ಸಿಸಿಯ ಒಂದು ಸಾಧಾರಣ ಎಂಜಿನ್ನು 8 ನ್ಯೂಟನ್ ಮೀಟರಿನಷ್ಟು ಟಾರ್ಕನ್ನು, ಎಂದರೆ ತಿರುಗಿಸುವ ಬಲವನ್ನು, ಕೊಡುವುದೆಂದೂ, ಕ್ರ್ಯಾಂಕಿನಿಂದ ಕ್ಲಚ್ಚಿಗೆ ಬರುವ ಹಲ್ಲುಗಾಲಿಗಳು ಅದನ್ನು 3.4 ಪಟ್ಟು ಹೆಚ್ಚಿಸುವುವೆಂದೂ ಇಟ್ಟುಕೊಂಡರೆ, ಕ್ಲಚ್ಚು ಹೊರಬೇಕಾದ ಭಾರ ಸುಮಾರು 27 ನ್ಯೂಟನ್ ಮೀಟರ್. ಇನ್ನು ಅದರ ಸಾಮರ್ಥ್ಯವೆಷ್ಟು? ಸ್ಪ್ರಿಂಗುಗಳೆಲ್ಲ ಕೂಡಿ 1000 ನ್ಯೂಟನ್, ಎಂದರೆ ಸುಮಾರು ನೂರು ಕಿಲೋಗ್ರಾಂ ತೂಕದಷ್ಟು, ಒತ್ತಲಿ. ಪ್ಲೇಟಿನ ಸರಾಸರಿ ತ್ರಿಜ್ಯ ನಾಲ್ಕೂವರೆ ಸೆಂಟಿಮೀಟರ್ ಇರಲಿ. ಎಣ್ಣೆಯಲ್ಲಿ ನೆನೆದ ಪ್ಲೇಟಿನ ಘರ್ಷಣಾಂಕ 0.12 ಆಗಿರಲಿ, ಮೈಗಳು ಎಂಟು. ಗುಣಿಸಿದರೆ ದೊರೆಯುವುದು 43. ಹೊರಬೇಕಾದುದು 27, ಹೊರಬಲ್ಲದ್ದು 43: ಈ ಅಂತರವೇ ಕ್ಲಚ್ಚಿನ ಮೂಲಧನ. ಸ್ಪ್ರಿಂಗುಗಳು ಹಳತಾಗಿ ತಮ್ಮ ಬಲದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡರೂ ಸಾಮರ್ಥ್ಯ 39ಕ್ಕೆ ಇಳಿಯುವುದಷ್ಟೇ, ಸವಾರನಿಗೆ ತಿಳಿಯುವುದೇ ಇಲ್ಲ. ಆದರೆ ಸಲ್ಲದ ಎಣ್ಣೆಯನ್ನು ಹೊಯ್ದು ಘರ್ಷಣಾಂಕವು 0.07ಕ್ಕೆ ಕುಸಿದರೆ, ಪ್ಲೇಟುಗಳು ಹೊಚ್ಚಹೊಸವಾಗಿದ್ದರೂ ಸಾಮರ್ಥ್ಯ 25ಕ್ಕೆ ಬಿದ್ದು ಕ್ಲಚ್ಚು ಜಾರಲಾರಂಭಿಸುವುದು. ಬಿಗಿಯಾದ ಕೇಬಲ್ಲೊಂದು ಸ್ಪ್ರಿಂಗಿನ ಒತ್ತಡದಲ್ಲಿ ಐದರಲ್ಲಿ ಎರಡು ಪಾಲನ್ನು ಸದಾ ತಡೆದು ಹಿಡಿದಿದ್ದರೂ ಫಲ ಅದೇ: 26. ನಾನು ಹಿಡಿದ ಅಂಕಿಗಳು ಉದಾಹರಣೆಯವು, ಒಂದೊಂದು ಗಾಡಿಗೆ ಒಂದೊಂದು ತೆರ. ಆದರೆ ಅವು ತೋರಿಸುವ ಸತ್ಯ ಎಲ್ಲ ಗಾಡಿಗಳಿಗೂ ಸಮಾನ. ಪ್ಲೇಟುಗಳನ್ನು ಮುಟ್ಟದೆಯೇ ಕ್ಲಚ್ಚನ್ನು ಜಾರಿಸಬಲ್ಲ ಎರಡು ಕಾರಣಗಳಿವೆ. ಎರಡನ್ನೂ ಎಂಜಿನ್ನನ್ನು ಬಿಚ್ಚದೆ, ಹೊಸ ಸಾಮಾನು ಕೊಳ್ಳದೆ, ಅರ್ಧ ಗಂಟೆಯೊಳಗೆ ಪರೀಕ್ಷಿಸಬಹುದು. ಹೀಗಿರುತ್ತ ‘ಪ್ಲೇಟು ಹೋಗಿದೆ, ಹೊಸ ಸೆಟ್ಟು ಹಾಕಬೇಕು’ ಎಂಬ ತೀರ್ಪನ್ನು ಪರೀಕ್ಷೆಗೆ ಮೊದಲೇ ಕೊಟ್ಟುಬಿಡುವುದು ಅನ್ಯಾಯ.

ಜಾರುವಿಕೆಯನ್ನು ಸಂಶಯಾತೀತವಾಗಿ ಕಂಡುಕೊಳ್ಳಲು ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ, ನಿರ್ಜನವಾದ ನೇರ ರಸ್ತೆಯಲ್ಲಿ, ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ವೇಗದಲ್ಲಿ ಟಾಪ್ ಗೇರಿನಲ್ಲಿ ಸಾಗುತ್ತ ಆಕ್ಸಿಲರೇಟರನ್ನು ಒಮ್ಮೆಗೇ ಪೂರ್ಣ ತಿರುಗಿಸಬೇಕು. ಟಾಪ್ ಗೇರೇ ಏಕೆಂದರೆ, ಕೆಳಗಿನ ಗೇರುಗಳಲ್ಲಿ ಗಾಡಿಯು ಸಹಜವಾಗಿಯೇ ಬೇಗ ವೇಗ ಪಡೆಯುವುದರಿಂದ ಎಂಜಿನ್ನಿನ ಸ್ವರ ಏರಿದ್ದು ಜಾರಿದ್ದರಿಂದಲೋ ಓಡಿದ್ದರಿಂದಲೋ ಎಂದು ಕಿವಿಗೆ ತಿಳಿಯದು. ಟಾಪ್ ಗೇರಿನಲ್ಲಾದರೆ ಗಾಡಿಯ ವೇಗ ನಿಧಾನವಾಗಿ ಏರಬೇಕಾದುದು ಧರ್ಮ, ಸ್ವರವೊಂದೇ ಮುಂದೋಡಿದರೆ ಕಳ್ಳತನ ತಕ್ಷಣ ಬಯಲಾಗುವುದು. ಏರುದಾರಿಯಾದರೆ ಇನ್ನೂ ಉತ್ತಮ. ಕನ್ಹಾನಿನ ಸುತ್ತಣ ನೆಲ ಬಹುಮಟ್ಟಿಗೆ ಸಮತಟ್ಟಾದುದರಿಂದ, ಊರೊಳಗೆ ತಿಂಗಳುಗಟ್ಟಲೆ ಮರೆಯಾಗಿದ್ದ ದೋಷವು, ಕಾಳಿದಾಸನ ರಾಮಗಿರಿಯೆಂದು ವಿದ್ವಾಂಸರಲ್ಲಿ ಅನೇಕರು ಗುರುತಿಸುವ ರಾಮಟೇಕದ ಬೆಟ್ಟವನ್ನು ಇಬ್ಬರು ಕೂಡಿ ಹತ್ತಿದ ದಿನ ಪ್ರಕಟವಾದರೆ ಅಚ್ಚರಿಪಡಬೇಕಾಗಿಲ್ಲ. ದೋಷ ಹುಟ್ಟಿದ್ದು ಬೆಟ್ಟದ ಮೇಲಲ್ಲ; ಮೂಲಧನ ಕರಗುತ್ತ ಬಂದುದು ಅಲ್ಲಿ ಲೆಕ್ಕಕ್ಕೆ ಸಿಕ್ಕಿತು, ಅಷ್ಟೆ.

ಇನ್ನು ಕೇಬಲ್ಲಿನ ವಿಚಾರ. ಹ್ಯಾಂಡಲಿನ ಕ್ಲಚ್ ಲಿವರನ್ನು ಬೆರಳಿನಿಂದ ಮೆಲ್ಲಗೆ ಎಳೆದಾಗ, ಸ್ಪ್ರಿಂಗಿನ ಬಿಗಿ ಕೈಗೆ ತಾಗುವುದಕ್ಕೆ ಮೊದಲು ಲಿವರಿನ ತುದಿ ಸ್ವಲ್ಪ ದೂರ ಸಡಿಲವಾಗಿ ಚಲಿಸಬೇಕು. ಇದನ್ನೇ ಫ್ರೀ ಪ್ಲೇ ಎನ್ನುವುದು. ನಮ್ಮಲ್ಲಿ ಬಳಕೆಯಲ್ಲಿರುವ ಸಾಧಾರಣ ಗಾಡಿಗಳಲ್ಲಿ ಇದು ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಇರತಕ್ಕದ್ದು. ಗಾಡಿಯೊಡನೆ ಬರುವ ಕೈಪಿಡಿಯಲ್ಲಿ ನಿಖರವಾದ ಅಳತೆ ಇದ್ದೇ ಇರುತ್ತದೆ. ಈ ಸಡಿಲವು ಶೂನ್ಯವಾಯಿತೆಂದರೆ, ಸವಾರನು ಲಿವರನ್ನು ಮುಟ್ಟದಿದ್ದಾಗಲೂ ಕೇಬಲ್ಲು, ಸ್ಪ್ರಿಂಗುಗಳ ಒತ್ತಡವನ್ನು ಪ್ಲೇಟುಗಳಿಗೆ ಮುಟ್ಟಿಸುವ ಪ್ರೆಶರ್ ಪ್ಲೇಟನ್ನು ಎಳೆದು ಹಿಡಿದೇ ಇರುತ್ತದೆ. ಇಲ್ಲಿ ಜನರಲ್ಲಿ ಬೇರೂರಿರುವ ಒಂದು ಭ್ರಾಂತಿಯನ್ನು ಕಿತ್ತೊಗೆಯಬೇಕಾಗಿದೆ. ಕೇಬಲ್ಲು ಹಳತಾಗಿ ಉದ್ದವಾದುದರಿಂದ ಕ್ಲಚ್ಚು ಜಾರುತ್ತಿದೆಯೆಂದು ಹೇಳಿ ಅದನ್ನು ಮತ್ತಷ್ಟು ಬಿಗಿಮಾಡುವವರನ್ನು ಕಾಣುತ್ತೇವೆ. ಕೇಬಲ್ಲು ಉದ್ದವಾದರೆ ಸಡಿಲ ಹೆಚ್ಚುವುದು, ಗೇರು ಬೀಳುವುದು ಕಷ್ಟವಾಗುವುದು. ಕ್ಲಚ್ಚು ಅದರಿಂದ ಜಾರಲಾರದು. ಸಡಿಲವನ್ನು ತಿನ್ನುವುದು ಪ್ಲೇಟುಗಳ ಸವೆತ: ಪ್ಲೇಟುಗಳ ದಪ್ಪ ಕಡಿಮೆಯಾದಷ್ಟೂ ಪ್ರೆಶರ್ ಪ್ಲೇಟು ಒಳಕ್ಕೆ ಸರಿದು, ಅದನ್ನು ದೂಡುವ ಕಡ್ಡಿಯು ಲಿವರಿನ ಕಡೆಗೆ ಹಿಂದೆ ಬಂದು, ಇದ್ದ ಸಡಿಲವನ್ನು ನುಂಗಿಹಾಕುತ್ತದೆ. ಆದಕಾರಣ ಜಾರುವ ಕ್ಲಚ್ಚಿನ ಮೊದಲ ಚಿಕಿತ್ಸೆಯು ಕೇಬಲ್ಲನ್ನು ಸಡಿಲಿಸುವುದು. ಲಿವರಿನ ಬುಡದಲ್ಲಿರುವ ಅಡ್ಜಸ್ಟರಿನಲ್ಲಿ ಅವಕಾಶ ಮುಗಿದಿದ್ದರೆ ಎಂಜಿನ್ನಿನ ಬಳಿ ಇರುವ ನಟ್ಟಿನಿಂದ ಸರಿಪಡಿಸಬೇಕು. ಧೂಳು ಹೊಕ್ಕು ಒಣಗಿದ ಕೇಬಲ್ಲು ತನ್ನ ಹೊದಿಕೆಯೊಳಗೆ ಸಿಕ್ಕಿಕೊಂಡು ಪೂರ್ಣವಾಗಿ ಹಿಂದಕ್ಕೆ ಬಾರದೆ ಇರುವುದೂ ಉಂಟು. ಹ್ಯಾಂಡಲನ್ನು ಎರಡು ಕಡೆಗೂ ಕೊನೆಯವರೆಗೆ ತಿರುಗಿಸಿ, ಸಡಿಲ ಬದಲಾಗುವುದೇ ಎಂದು ನೋಡಿದರೆ ಇದು ತಿಳಿಯುವುದು. ಎಣ್ಣೆ ಬಿಟ್ಟರೂ ಸಲೀಸಾಗದ ಕೇಬಲ್ಲನ್ನು ಬದಲಿಸುವುದಕ್ಕೆ ಹಿಂಜರಿಯಬಾರದು.

ಇದೇ ಒತ್ತಡದ ಕಳವನ್ನು ಸವಾರನ ಕೈಯೂ ಮಾಡಬಲ್ಲದು. ಕಲ್ಲಿದ್ದಲು ತುಂಬಿದ ಟಿಪ್ಪರುಗಳ ಹಿಂದೆ, ನಿಲ್ಲಲೂ ಆಗದೆ ಓಡಲೂ ಆಗದೆ ತೆವಳುವಾಗ, ಎರಡು ಬೆರಳುಗಳನ್ನು ಲಿವರಿನ ಮೇಲೆ ಊರಿ ಹಾಫ್ ಕ್ಲಚ್ಚಿನಲ್ಲಿಯೇ ಮೈಲಿಗಟ್ಟಲೆ ಸಾಗುವ ಅಭ್ಯಾಸ ಯಾರಿಗೆ ತಾನೆ ಇಲ್ಲ? ಹಾಗೆ ಜಾರುತ್ತಿರುವಷ್ಟು ಹೊತ್ತೂ ಎಂಜಿನ್ನಿನ ಶಕ್ತಿಯ ಒಂದು ಭಾಗವು ಪ್ಲೇಟುಗಳ ನಡುವೆ ಶಾಖವಾಗಿ ಮಾರ್ಪಡುತ್ತದೆ. ಶಾಖದಿಂದ ಪ್ಲೇಟಿನ ಮೈ ಗಾಜಿನಂತೆ ನುಣುಪೇರುತ್ತದೆ, ಸ್ಪ್ರಿಂಗುಗಳು ಕುಗ್ಗುತ್ತವೆ. ಅದರಿಂದ ಮತ್ತಷ್ಟು ಜಾರುವಿಕೆ, ಜಾರುವಿಕೆಯಿಂದ ಮತ್ತಷ್ಟು ಶಾಖ. ವರ್ಷಗಟ್ಟಲೆ ಏನೂ ತೋರದಿದ್ದ ಕ್ಲಚ್ಚು, ಜಾರಲು ತೊಡಗಿದ ಮೇಲೆ ಅಲ್ಪಕಾಲದಲ್ಲಿಯೇ ಪೂರ್ಣ ಕೆಡುವುದು ಈ ವಿಷಚಕ್ರದಿಂದ. ವೈಶಾಖದ ಬಿಸಿಲಿನಲ್ಲಿ ನಾಗಪುರದ ಉಷ್ಣತೆ 45 ಡಿಗ್ರಿಯನ್ನು ಮೀರುವುದು ಸಾಮಾನ್ಯವಾದರೂ, ಕ್ಲಚ್ಚನ್ನು ಸುಡುವುದು ಆ ಬಿಸಿಲಲ್ಲ, ಜಾರುವಿಕೆಯೇ ಹುಟ್ಟಿಸುವ ಒಳಗಿನ ಶಾಖ.

ಎಣ್ಣೆಯ ವಿಷಯದಲ್ಲಿ ನಡೆಯುವ ಅಚಾತುರ್ಯವಂತೂ ಮನಸ್ಸಿಗೆ ನೋವುಂಟುಮಾಡುವಂಥದು. ಇಂದಿನ ನಾಲ್ಕು ಸ್ಟ್ರೋಕಿನ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲಿನವುಗಳಲ್ಲಿ ಎಂಜಿನ್ನು, ಗೇರುಪೆಟ್ಟಿಗೆ, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಕಾರಿನ ಎಣ್ಣೆಗೆ ಈ ಹಂಗಿಲ್ಲ. ಅಲ್ಲಿ ಕ್ಲಚ್ಚು ಎಣ್ಣೆಯ ಹೊರಗಿರುವುದರಿಂದ, ಇಂಧನವನ್ನು ಉಳಿಸುವ ಸಲುವಾಗಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಧಾರಾಳವಾಗಿ ಬೆರೆಸಬಹುದು. ಆ ಸದ್ಗುಣವೇ ಮೋಟಾರು ಸೈಕಲ್ಲಿನಲ್ಲಿ ದುರ್ಗುಣವಾಗಿ ಪರಿಣಮಿಸುವುದು. ಇದನ್ನು ಮನಗಂಡು ಜಪಾನಿನವರು 1998ರಲ್ಲಿ ಜಾಸೋ ಟಿ 903 ಎಂಬ ಮಾನಕವನ್ನು ರೂಪಿಸಿ, ಕ್ಲಚ್ಚಿಗೆ ಹಿಡಿತ ಕೊಡುವ ಎಣ್ಣೆಗಳನ್ನು ಎಂಎ ಎಂದೂ, ಘರ್ಷಣೆ ಕಡಿಮೆಯಿರುವವನ್ನು ಎಂಬಿ ಎಂದೂ ವಿಂಗಡಿಸಿದರು. ಎಂಎ ವರ್ಗದಲ್ಲಿಯೇ ಹೆಚ್ಚು ಹಿಡಿತದ್ದು ಎಂಎ2. ಎಂಬಿ ಎಣ್ಣೆಯು, ಒಣ ಕ್ಲಚ್ಚೂ ಬೆಲ್ಟೂ ಇರುವ ಗೇರಿಲ್ಲದ ಸ್ಕೂಟರುಗಳಿಗೆ ಸಲ್ಲತಕ್ಕದ್ದು. ಅಂಗಡಿಯ ಒಂದೇ ಗೂಡಿನಲ್ಲಿ ಒಂದೇ ಕಂಪನಿಯ, ಒಂದೇ 10ಡಬ್ಲ್ಯೂ-30 ದರ್ಜೆಯ ಎರಡು ಡಬ್ಬಿಗಳು ಅಕ್ಕಪಕ್ಕದಲ್ಲಿದ್ದು, ಒಂದು ಸ್ಕೂಟರಿನದೂ ಇನ್ನೊಂದು ಮೋಟಾರು ಸೈಕಲ್ಲಿನದೂ ಆಗಿರಬಹುದು; ಮುಂಬದಿಯ ದೊಡ್ಡಕ್ಷರಕ್ಕಿಂತ ಹಿಂಬದಿಯ ಸಣ್ಣಕ್ಷರವನ್ನು ಓದುವುದೇ ಇಲ್ಲಿ ವಿವೇಕ. ಎಣ್ಣೆ ಬದಲಿಸಿದ ಬೆನ್ನಿಗೇ ಜಾರುವಿಕೆ ಶುರುವಾಯಿತೇ ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ನಿದಾನದ ಅರ್ಧ ಕೆಲಸ ಮುಗಿಯುತ್ತದೆ. ಹೌದೆಂದಾದರೆ ಆ ಎಣ್ಣೆಯನ್ನು ಬಿಸಿಯಿರುವಾಗಲೇ ಬಸಿದು, ತಕ್ಕ ಎಣ್ಣೆಯನ್ನು ಅಳತೆಗೆ ಸರಿಯಾಗಿ ತುಂಬಿ, ಕೆಲವು ದಿನ ಓಡಿಸಿ, ಮತ್ತೊಮ್ಮೆ ಬದಲಿಸಿ ನೋಡಬೇಕು. ಪ್ಲೇಟುಗಳು ಸುಟ್ಟಿರದಿದ್ದರೆ ಹಲವು ವೇಳೆ ಅವು ಚೇತರಿಸಿಕೊಳ್ಳುತ್ತವೆ.

ಕನ್ನಡಿಗರಿಗೆ ಕ್ಲಚ್ಚಿನ ಮಾತೆತ್ತಿದೊಡನೆ ಮೈಸೂರಿನ ಜಾವಾ ನೆನಪಾಗದಿರದು. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ದಿ ಗಾಡಿಗಳಲ್ಲಿ ಗೇರಿನ ಲಿವರೇ ಕಿಕ್ಕರೂ ಆಗಿತ್ತು. ಕಾಲಿನಿಂದ ಗೇರನ್ನು ಒತ್ತಿದಾಗ, ಕೈಯ ನೆರವಿಲ್ಲದೆ, ಆ ಲಿವರೇ ಮೊದಲು ಕ್ಲಚ್ಚನ್ನು ಬಿಡಿಸಿ ಆಮೇಲೆ ಗೇರನ್ನು ಬದಲಿಸುವ ಜಾಣ್ಮೆಯೂ ಅದರಲ್ಲಿತ್ತು. ಕೈಯ ಕೇಬಲ್ಲೊಂದು, ಕಾಲಿನ ಏರ್ಪಾಟೊಂದು, ಹೀಗೆ ಎರಡು ಮಾರ್ಗಗಳು ಒಂದೇ ಕಡ್ಡಿಯನ್ನು ದೂಡುತ್ತಿದ್ದುದರಿಂದ, ಅವೆರಡರಲ್ಲಿ ಯಾವುದು ಬಿಗಿಯಾದರೂ ಕ್ಲಚ್ಚು ಜಾರುತ್ತಿದ್ದಿತು. ಅದರ ಅಡ್ಜಸ್ಟ್‌ಮೆಂಟನ್ನು ಬಲ್ಲ ಮೆಕ್ಯಾನಿಕನಿಗೆ ಊರಿನಲ್ಲಿ ವಿಶೇಷವಾದ ಗೌರವವಿದ್ದುದು ಈ ಕಾರಣದಿಂದ. ಅಂಥ ಗಾಡಿಗಳಲ್ಲಿ, ಹಳೆಯ ಬುಲೆಟ್ಟಿನಲ್ಲಿಯೂ ಸಹ, ಕಿಕ್ಕಿನ ಬಲವು ಕ್ಲಚ್ಚಿನ ಮೂಲಕವೇ ಎಂಜಿನ್ನನ್ನು ತಲಪಬೇಕಾದುದರಿಂದ, ಎಂಜಿನ್ನು ತಿರುಗದೆ ಕಿಕ್ಕರು ಸುಮ್ಮನೆ ಕೆಳಗಿಳಿದರೆ ಕ್ಲಚ್ಚಿನ ಮೇಲೆ ಸಂಶಯಪಡಬಹುದಾಗಿತ್ತು.

ಕೇಬಲ್ಲೂ ಎಣ್ಣೆಯೂ ನಿರ್ದೋಷಿಗಳೆಂದು ಸಿದ್ಧವಾದ ಮೇಲೆ ಮಾತ್ರ ಎಂಜಿನ್ನಿನ ಬಲಪಕ್ಕದ ಕವರನ್ನು ಬಿಚ್ಚುವುದು ಯುಕ್ತ. (ಹಳೆಯ ಬುಲೆಟ್ಟಿನಲ್ಲಿಯೂ ಮೈಸೂರಿನ ಜಾವಾದಲ್ಲಿಯೂ ಕ್ಲಚ್ಚು ಎಡಪಕ್ಕದಲ್ಲಿದೆ.) ಎಣ್ಣೆಯನ್ನು ಬಸಿದು, ಕವರಿನ ಬೋಲ್ಟುಗಳು ಬೇರೆ ಬೇರೆ ಉದ್ದದವಾದ್ದರಿಂದ ಅವನ್ನು ತೆಗೆದ ಕ್ರಮದಲ್ಲಿಯೇ ಒಂದು ರಟ್ಟಿಗೆ ಚುಚ್ಚಿಡಬೇಕು. ಸ್ಪ್ರಿಂಗಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಪೂರ್ಣ ಬಿಚ್ಚಬಾರದು. ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಸಡಿಲಿಸಿದರೆ ಪ್ರೆಶರ್ ಪ್ಲೇಟಿನ ಕಿವಿ ಮುರಿಯುವುದಿಲ್ಲ. ಹೊರತೆಗೆದ ಪ್ಲೇಟುಗಳನ್ನು ಅದೇ ಅನುಕ್ರಮದಲ್ಲಿ, ಅದೇ ಮುಖ ಮೇಲಾಗಿ ಜೋಡಿಸಿಟ್ಟರೆ ಮುಂದೆ ಗೊಂದಲವಾಗದು. ಸುಟ್ಟ ವಾಸನೆ, ಉಕ್ಕಿನ ಪ್ಲೇಟುಗಳ ಮೇಲೆ ನೀಲಿಯ ಛಾಯೆ, ಘರ್ಷಣ ಪ್ಲೇಟಿನ ಕರಿದಾದ ಹೊಳಪು, ಇವೆಲ್ಲ ಕಣ್ಣಿಗೂ ಮೂಗಿಗೂ ದೊರೆಯುವ ಸಾಕ್ಷ್ಯಗಳು. ಆದರೆ ತೀರ್ಪನ್ನು ಕೊಡಬೇಕಾದುದು ವರ್ನಿಯರ್ ಕ್ಯಾಲಿಪರು. ಹೊಸತರಲ್ಲಿ ಸುಮಾರು 3 ಮಿಲಿಮೀಟರ್ ದಪ್ಪವಿರುವ ಘರ್ಷಣ ಪ್ಲೇಟು, ಸಾಮಾನ್ಯವಾಗಿ ಅದರಲ್ಲಿ ಮಿಲಿಮೀಟರಿನ ಮೂರು ನಾಲ್ಕು ದಶಾಂಶಗಳನ್ನು ಕಳೆದುಕೊಂಡರೆ ಅದರ ಆಯುಷ್ಯ ತೀರಿತು. ಇಷ್ಟು ಸಣ್ಣ ವ್ಯತ್ಯಾಸವನ್ನು ಬರಿಗಣ್ಣು ಅಳೆಯಬಲ್ಲದೆಂದು ಹೇಳುವವನನ್ನು ನಾನು ನಂಬಲಾರೆ. ಉಕ್ಕಿನ ಪ್ಲೇಟನ್ನು ದಪ್ಪ ಗಾಜಿನ ಮೇಲಿರಿಸಿ ಫೀಲರ್ ಗೇಜನ್ನು ತೂರಿಸಿ ನೋಡಿದರೆ ಅದು ಸೊಟ್ಟಗಾಗಿದೆಯೇ ಎಂಬುದು ತಿಳಿಯುವುದು. ಸ್ಪ್ರಿಂಗುಗಳ ಉದ್ದವನ್ನು ಒಂದೊಂದಾಗಿ ಅಳೆದು, ಒಂದು ಕುಗ್ಗಿದ್ದರೂ ಎಲ್ಲವನ್ನೂ ಸೆಟ್ಟಾಗಿ ಬದಲಿಸಬೇಕು. ಒತ್ತಡವು ವಕ್ರವಾದರೆ ಪ್ಲೇಟು ಒಂದೇ ಕಡೆ ಸವೆಯುವುದು. ಕ್ಲಚ್ ಹೌಸಿಂಗಿನ ಬೆರಳುಗಳಲ್ಲಿ ಪ್ಲೇಟಿನ ಕಿವಿಗಳು ಕೊರೆದ ಕಚ್ಚುಗಳಿದ್ದರೆ ಪ್ಲೇಟುಗಳು ಅಲ್ಲಿಯೇ ಸಿಕ್ಕಿಕೊಳ್ಳುವುದರಿಂದ, ಅಲ್ಪವಾಗಿದ್ದರೆ ಅರದಿಂದ ಉಜ್ಜಿ ಸಮಮಾಡಬಹುದು, ಆಳವಾಗಿದ್ದರೆ ಹೌಸಿಂಗನ್ನೇ ಬದಲಿಸದೆ ಗತಿಯಿಲ್ಲ. ನುಣುಪಾದ ಪ್ಲೇಟನ್ನು ಮರಳುಕಾಗದದಿಂದ ಉಜ್ಜಿ ಮತ್ತೆ ಹಾಕುವ ಪದ್ಧತಿಯುಂಟು. ದಪ್ಪ ಮಿತಿಯೊಳಗಿದ್ದರೆ ಕೆಲಕಾಲ ಕೆಲಸವನ್ನು ಸಾಗಿಸಬಹುದಾದ ಉಪಾಯವದು, ಶಾಶ್ವತ ಪರಿಹಾರವೆಂದು ಅದಕ್ಕೆ ಹಣ ತೆಗೆದುಕೊಳ್ಳುವುದು ಸಲ್ಲದು.

ಹೊಸ ಪ್ಲೇಟುಗಳನ್ನು ಒಣದಾಗಿಯೇ ಜೋಡಿಸುವ ಆತುರವು ಅವುಗಳ ಮೈಯನ್ನು ಮೊದಲ ದಿನವೇ ಸುಡಬಲ್ಲದಾದುದರಿಂದ, ಗಾಡಿಗೆ ಹಾಕುವ ಎಣ್ಣೆಯಲ್ಲಿಯೇ ಅವನ್ನು ಕೆಲವು ಗಂಟೆಗಳ ಕಾಲ, ಸಾಧ್ಯವಾದರೆ ಇಡೀ ರಾತ್ರಿ, ನೆನೆಯಿಡಬೇಕು. ರಾತ್ರಿಪಾಳಿಗೆ ಹೋಗಬೇಕಾದವನು ಗಾಡಿಯನ್ನು ಹಿಂದಿನ ಸಂಜೆ ಒಪ್ಪಿಸಿದರೆ ಮೆಕ್ಯಾನಿಕನಿಗೂ ಅವಕಾಶ ದೊರೆಯುವುದು. ಕವರಿನ ಹಳೆಯ ಪ್ಯಾಕಿಂಗನ್ನು ಪೂರ್ಣವಾಗಿ ಕೆರೆದು ತೆಗೆದು ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಮತ್ತೆ ಎದುರುಬದುರಾಗಿ ಬಿಗಿಮಾಡಿ, ಎಣ್ಣೆಯನ್ನು ತುಂಬಿದ ಬಳಿಕ, ಫ್ರೀ ಪ್ಲೇಯನ್ನು ಹೊಸದಾಗಿ ಇಡತಕ್ಕದ್ದು. ಸವೆದ ಪ್ಲೇಟುಗಳಿಗಾಗಿ ಇಟ್ಟಿದ್ದ ಹಳೆಯ ಅಡ್ಜಸ್ಟ್‌ಮೆಂಟು ಹೊಸ ಪ್ಲೇಟುಗಳಿಗೆ ಹೊಂದುವುದಿಲ್ಲ. ತೆಗೆದ ಹಳೆಯ ಪ್ಲೇಟುಗಳನ್ನು ಗಾಡಿಯ ಒಡೆಯನು ಕೇಳಿ ಪಡೆದು, ತಾನೇ ಅಳೆದು ನೋಡುವುದು ಅವನ ಹಕ್ಕು. ಮೊದಲ ಎರಡು ಮೂರು ನೂರು ಕಿಲೋಮೀಟರ್‌ಗಳವರೆಗೆ ಏರುದಾರಿಯಲ್ಲಿ ಹೆಚ್ಚಿನ ಭಾರವನ್ನು ಹೇರದೆ, ಹಾಫ್ ಕ್ಲಚ್ಚನ್ನು ಆದಷ್ಟು ಬಿಟ್ಟು ನಡೆಸಬೇಕು. ಆ ಅವಧಿಯಲ್ಲಿ ಪ್ಲೇಟುಗಳು ಒಂದಕ್ಕೊಂದು ಕೂಡಿಕೊಂಡು ಕೇಬಲ್ಲಿನ ಸಡಿಲ ಸ್ವಲ್ಪ ಬದಲಾಗುವುದರಿಂದ, ಕೊನೆಯಲ್ಲಿ ಲಿವರಿನ ತುದಿಯನ್ನು ಮತ್ತೊಮ್ಮೆ ಅಳೆದು, 10ರಿಂದ 20 ಮಿಲಿಮೀಟರಿಗೆ ತಂದು, ಅಡ್ಜಸ್ಟರಿನ ಲಾಕ್ ನಟ್ಟನ್ನು ಬಿಗಿಮಾಡಬೇಕು.